ಘಟ್ಟದ ಮೇಲಿನ ಫೋನು: ಹಳೆಯ ಸರ್ಕಿಟ್, ಹೊಸ ಪ್ಯಾಕೆಟ್

ಶಿರಸಿಗೆ 08384, ಸಿದ್ದಾಪುರಕ್ಕೆ 08389, ಯಲ್ಲಾಪುರಕ್ಕೆ 08419. ಉತ್ತರ ಕನ್ನಡದ ಘಟ್ಟದ ಮೇಲಿನ ಈ ಮೂರು ತಾಲೂಕುಗಳ ಎಸ್‌ಟಿಡಿ ಕೋಡುಗಳು ಲಗ್ನಪತ್ರಿಕೆಯ ಕೆಳಗೆ, ಸೊಸೈಟಿಯ ರಸೀದಿಯ ತಲೆಯಲ್ಲಿ ಇಂದಿಗೂ ಕಾಣಸಿಗುತ್ತವೆ. ನಂಬರು ಅದೇ. ಅದನ್ನು ಒತ್ತಿದಾಗ ಒಳಗೆ ನಡೆಯುವ ವ್ಯವಹಾರ ಮಾತ್ರ ಪೂರ್ತಿ ಬೇರೆಯಾಗಿದೆ. ಮೊದಲು ಕರೆ ಮಾಡಿದವರಿಗೂ ಎತ್ತಿಕೊಂಡವರಿಗೂ ನಡುವೆ ಮಾತು ಮುಗಿಯುವ ತನಕ ಒಂದು ದಾರಿ ಮೀಸಲಾಗಿರುತ್ತಿತ್ತು. ಈಗ ಮಾತು ತುಂಡುತುಂಡಾಗಿ, ಪ್ರತಿ ತುಂಡಿಗೂ ವಿಳಾಸ ಅಂಟಿಸಿಕೊಂಡು, ವಾಟ್ಸಾಪ್ ವಿಡಿಯೋ, ಬ್ಯಾಂಕಿನ ಲೆಕ್ಕ, ಸಿನಿಮಾಗಳ ಜೊತೆಗೇ ಒಂದೇ ಫೈಬರಿನಲ್ಲಿ ಹೋಗುತ್ತದೆ. ಮೊದಲನೆಯದು ಸರ್ಕಿಟ್, ಎರಡನೆಯದು ಪ್ಯಾಕೆಟ್. ಸರ್ಕಿಟ್ಟನ್ನೇ ನಂಬಿ ತಯಾರಾದ ಯಂತ್ರಗಳು ಇನ್ನೂ ದುಡಿಯುತ್ತಿವೆ. ಅವುಗಳ ಸಂಚಾರವನ್ನು ಪ್ಯಾಕೆಟ್ ಜಾಲದ ಮೇಲೆ ಹೇಗೆ ಸಾಗಿಸಬೇಕು, ಯಾವುದನ್ನು ಸಾಗಿಸಬೇಕು, ಯಾವುದನ್ನು ಬಿಟ್ಟುಬಿಡಬೇಕು ಎಂಬುದು ಇಲ್ಲಿನ ಪ್ರಶ್ನೆ.

ಮಲೆನಾಡಿನಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿ ಊರು ಎಂದರೆ ಸಾಲುಮನೆಗಳ ಕೇರಿಯಲ್ಲ. ಕಣಿವೆಗೊಂದು ತೋಟ, ತೋಟದ ತಲೆಯಲ್ಲಿ ಒಂದೆರಡು ಮನೆ, ಸುತ್ತ ಸೊಪ್ಪಿನ ಬೆಟ್ಟ. ಒಂದು ಮನೆಗೆ ಫೋನು ಕೊಡಬೇಕೆಂದರೆ ಹತ್ತಾರು ಕಂಬ ನೆಡಬೇಕು, ಅಷ್ಟೂ ಉದ್ದ ಮರದ ಟೊಂಗೆ ಬೀಳದಂತೆ ಕಾಯಬೇಕು. ಆದರೂ ಫೋನು ಬೇಕೇ ಬೇಕಿತ್ತು. ಅಡಿಕೆ ಬೆಳೆಯುವವನಿಗೆ ಪೇಟೆಯ ಸುದ್ದಿ ಬೇಕು. 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯಲ್ಲಿ ಇವತ್ತು ಚಾಲಿಗೆ ಎಷ್ಟು, ರಾಶಿಗೆ ಎಷ್ಟು, ಬಿಳೆಗೋಟಿಗೆ ಎಷ್ಟು ಎಂದು ತಿಳಿಯದೆ ಚೀಲ ಹೊರಡಿಸುವುದು ಹೇಗೆ? ಟ್ರಂಕ್ ಕಾಲ್ ಬುಕ್ ಮಾಡಿ ಪೋಸ್ಟಾಫೀಸಿನ ಜಗಲಿಯಲ್ಲಿ ಕಾದು ಕೂತವರು ಇನ್ನೂ ನಮ್ಮ ನಡುವೆ ಇದ್ದಾರೆ. ಅರ್ಜೆಂಟ್ ಕಾಲಿಗೆ ಒಂದು ದರ, ಲೈಟ್ನಿಂಗ್ ಕಾಲಿಗೆ ಇನ್ನೊಂದು.

ಆ ಕಾಯುವಿಕೆಯನ್ನು ಕೊನೆಗಾಣಿಸಿದ್ದು ಒಂದು ದೇಸಿ ಪೆಟ್ಟಿಗೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಒತ್ತಾಸೆ ಮತ್ತು ಜಿ.ಬಿ. ಮೀಮಾಂಸಿ, ಎಂ.ವಿ. ಪಿಟ್ಕೆಯವರ ಮುಂದಾಳತ್ವದಲ್ಲಿ, 128 ಪೋರ್ಟುಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ರೂಪಿಸಿತು. ಮೊದಲನೆಯದನ್ನು 1986ರಲ್ಲಿ ಕೂಡಿಸಿದ್ದು ನಮ್ಮದೇ ಕಿತ್ತೂರಿನಲ್ಲಿ. ಹೊರದೇಶದ ಎಕ್ಸ್‌ಚೇಂಜುಗಳು ಎಸಿ ಇಲ್ಲದೆ ಬದುಕುತ್ತಿರಲಿಲ್ಲ. ಇದು ಧೂಳು, ಸೆಕೆ, ತೇವ ಎಲ್ಲವನ್ನೂ ತಡೆದುಕೊಂಡು ಹಂಚಿನ ಮಾಡಿನ ಒಂದು ಕೋಣೆಯಲ್ಲಿ ಕೂತು ಕೆಲಸ ಮಾಡಿತು. ಆಮೇಲೆ ಬಂದ 256 ಪೋರ್ಟಿನ ಪೆಟ್ಟಿಗೆಗಳೂ ಇದೇ ಜಾತಿಯವು. ತೊಂಬತ್ತರ ದಶಕದಲ್ಲಿ ಮಲೆನಾಡಿನ ಹಳ್ಳಿ ಎಕ್ಸ್‌ಚೇಂಜುಗಳು ಬೆಳೆದದ್ದು ಇವುಗಳ ಬಲದಿಂದ. ಭಾರತದ ತಂತ್ರಜ್ಞಾನ ಚರಿತ್ರೆಯಲ್ಲಿ ಉಪಗ್ರಹಕ್ಕೆ ಸಿಗುವ ಮರ್ಯಾದೆಯ ಕಾಲುಭಾಗವೂ ಈ ಪೆಟ್ಟಿಗೆಗೆ ಸಿಕ್ಕಿಲ್ಲ ಎಂಬುದು ನನ್ನ ದೂರು.

ಅಂಥ ಒಂದು ಕೋಣೆಯ ಒಳಗೆ ನೋಡಿ. ಒಂದು ಗೋಡೆಗೆ ಊರಿನ ಜೋಡಿ ತಂತಿಗಳೆಲ್ಲ ಬಂದು ಸೇರುವ ಎಂಡಿಎಫ್ ಚೌಕಟ್ಟು, ನಡುವೆ ಕಾರ್ಡು ತುಂಬಿದ ಕಪಾಟು, ಮೂಲೆಯಲ್ಲಿ 48 ವೋಲ್ಟಿನ ಬ್ಯಾಟರಿ ಸಾಲು, ಹೊರಗೆ ಡೀಸೆಲ್ ಜನರೇಟರು. ಮನೆಯ ಫೋನು ಜೀವ ಹಿಡಿಯುವುದು ಈ ಬ್ಯಾಟರಿಯಿಂದ. ಊರಿನಲ್ಲಿ ಕರೆಂಟು ಹೋದರೂ ಫೋನು ಹೋಗುತ್ತಿರಲಿಲ್ಲ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಕ್ಸ್‌ಚೇಂಜಿನಿಂದ ಹೊರಗೆ ಹೋಗುವ ದಾರಿಯ ಹೆಸರು ಇ-1. ಮಾತನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ ಒಂದು ಕರೆಗೆ 64 ಕಿಲೋಬಿಟ್ ಆಗುತ್ತದೆ. ಇಂಥ 32 ಖಾನೆಗಳನ್ನು ಒಂದರ ಹಿಂದೆ ಒಂದರಂತೆ ಕಳಿಸಿದರೆ ಸೆಕೆಂಡಿಗೆ 2.048 ಮೆಗಾಬಿಟ್. ಸೊನ್ನೆಯ ಖಾನೆ ಹೊಂದಾಣಿಕೆಗೆ, 16ನೆಯದು ಕರೆಯ ಸೂಚನೆಗಳಿಗೆ, ಉಳಿದ 30 ಮಾತಿಗೆ. ಇನ್ನೂರು ಮನೆಯ ಎಕ್ಸ್‌ಚೇಂಜಿಗೆ ಒಂದೇ ಇ-1 ಇದ್ದರೆ ಏಕಕಾಲಕ್ಕೆ ಮೂವತ್ತು ಜನ ಮಾತ್ರ ಹೊರಗಿನವರೊಡನೆ ಮಾತಾಡಬಹುದು. ಹಬ್ಬದ ಸಂಜೆ ಮೂವತ್ತೊಂದನೆಯವರಿಗೆ ಕೇಳುತ್ತಿದ್ದದ್ದು ಲೈನುಗಳೆಲ್ಲ ಬಿಡುವಿಲ್ಲ ಎಂಬ ಧ್ವನಿ. ಸರ್ಕಿಟ್ಟಿನ ಗುಣವೂ ದೋಷವೂ ಇದೇ: ಜಾಗ ಸಿಕ್ಕವರಿಗೆ ಪೂರ್ಣ ಗ್ಯಾರಂಟಿ, ಸಿಗದವರಿಗೆ ಬಾಗಿಲು ಬಂದ್. ಮೂವತ್ತು ಖಾನೆಗಳಲ್ಲಿ ಯಾರೂ ಮಾತಾಡದಿದ್ದರೂ ಎರಡು ಮೆಗಾಬಿಟ್ ಖಾಲಿ ಓಡುತ್ತಲೇ ಇರುತ್ತದೆ.

ಈ ಇ-1ಗಳನ್ನು ಒಟ್ಟುಗೂಡಿಸಿ ದೂರಕ್ಕೆ ಒಯ್ಯುತ್ತಿದ್ದದ್ದು ಎಸ್‌ಡಿಎಚ್ ಎಂಬ ವ್ಯವಸ್ಥೆ. ಅದರ ಮೊದಲ ಮೆಟ್ಟಿಲು ಎಸ್‌ಟಿಎಂ-1, 155.52 ಮೆಗಾಬಿಟ್, ಅದರೊಳಗೆ 63 ಇ-1 ಹಿಡಿಸುತ್ತವೆ. ಚೆನ್ನಾಗಿಯೇ ಇತ್ತು, ಈಗಲೂ ಕೆಲವೆಡೆ ಇದೆ. ಆದರೆ ಜನ ಮಾತಿಗಿಂತ ಡೇಟಾವನ್ನು ನೂರಾರು ಪಟ್ಟು ಹೆಚ್ಚು ಬಳಸತೊಡಗಿದ ಮೇಲೆ ಎರಡೆರಡು ಮೆಗಾಬಿಟ್‌ನ ಲೆಕ್ಕಕ್ಕೆ ಅರ್ಥ ಉಳಿಯಲಿಲ್ಲ. ಕಾರ್ಡು ಕೆಟ್ಟರೆ ಬದಲಿ ಕಾರ್ಡು ಸಿಗುವುದು ಕಷ್ಟವಾಯಿತು. ಅದನ್ನು ಬಲ್ಲ ಕೈಗಳೂ ಕಡಿಮೆಯಾದವು. 2020ರ ಜನವರಿ ಕೊನೆಯಲ್ಲಿ ದೇಶಾದ್ಯಂತ ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ನೌಕರರು ಒಂದೇ ದಿನ ಸ್ವಯಂನಿವೃತ್ತಿ ಪಡೆದರು. ಯಾವ ಡಿಪಿ ಪೆಟ್ಟಿಗೆ ಯಾವ ಹಲಸಿನ ಮರದ ಬುಡದಲ್ಲಿದೆ, ಯಾವ ಜಾಯಿಂಟಿನಲ್ಲಿ ಪ್ರತಿ ಆಷಾಢಕ್ಕೂ ನೀರು ಇಳಿಯುತ್ತದೆ ಎಂದು ಬಾಯಲ್ಲೇ ಹೇಳುತ್ತಿದ್ದ ಲೈನ್‌ಮನ್‌ಗಳು ಅವರಲ್ಲಿದ್ದರು. ಅವರ ತಿಳಿವಳಿಕೆಯನ್ನು ಯಾವ ನಕ್ಷೆಯೂ ಬರೆದಿಟ್ಟುಕೊಂಡಿರಲಿಲ್ಲ.

ಹೀಗಾಗಿ ಬದಲಾವಣೆ ಬೇಕೇ ಎಂಬ ಚರ್ಚೆ ಮುಗಿದಿದೆ. ಉಳಿದಿರುವುದು ಹೇಗೆ ಎಂಬುದು. ಇದಕ್ಕೆ ದಾರಿಗಳು ಮುಖ್ಯವಾಗಿ ಎರಡು.

ಮೊದಲನೆಯದರಲ್ಲಿ ಸರ್ಕಿಟ್ಟನ್ನು ಅಂಚಿನಲ್ಲೇ ಮುಗಿಸಿಬಿಡುತ್ತಾರೆ. ತಾಮ್ರದ ತಂತಿ ಎಕ್ಸ್‌ಚೇಂಜಿನ ತನಕ ಬರುತ್ತದೆ, ಅಲ್ಲಿ ಮಾತು ಐಪಿ ಪ್ಯಾಕೆಟ್ ಆಗುತ್ತದೆ, ಮುಂದೆ ಎಲ್ಲ ಪ್ಯಾಕೆಟ್ಟೇ. ಎನ್‌ಜಿಎನ್ ಎಂದು ಬಿಎಸ್‌ಎನ್‌ಎಲ್ ಮಾಡಿದ ಪರಿವರ್ತನೆ ಈ ಬಗೆಯದು. ಸಿ-ಡಾಟ್ ತನ್ನದೇ ಹಳೆಯ ಮ್ಯಾಕ್ಸ್ ಎಕ್ಸ್‌ಚೇಂಜುಗಳಿಗೆ ಮ್ಯಾಕ್ಸ್-ಎನ್‌ಜಿ ಎಂಬ ಉಪಾಯ ಹುಡುಕಿತು: ಗ್ರಾಹಕರ ತಂತಿ ಕೂಡುವ ಲೈನ್ ಕಾರ್ಡುಗಳನ್ನು ಹಾಗೇ ಇಟ್ಟು ನಡುವಿನ ಸ್ವಿಚ್ಚನ್ನು ಮಾತ್ರ ಐಪಿಗೆ ಬದಲಿಸುವುದು. ಕಡಿಮೆ ಖರ್ಚಿನ, ಬುದ್ಧಿವಂತ ಕೆಲಸ. ಮನೆಯ ಫೋನಿನವರಿಗೆ ಏನೂ ಗೊತ್ತಾಗುವುದಿಲ್ಲ. ಎಫ್‌ಟಿಟಿಎಚ್ ಇದರದೇ ಮುಂದಿನ ಹೆಜ್ಜೆ. ಅಲ್ಲಿ ಪ್ಯಾಕೆಟ್ ಫೈಬರಿನಲ್ಲೇ ಮನೆಯ ಗೋಡೆಯ ತನಕ ಬಂದುಬಿಡುತ್ತದೆ.

ಎರಡನೆಯ ದಾರಿ ಹೆಚ್ಚು ಕುತೂಹಲದ್ದು. ಇದರಲ್ಲಿ ಎರಡೂ ತುದಿಯ ಹಳೆಯ ಯಂತ್ರಗಳಿಗೆ ನಡುವಿನ ದಾರಿ ಬದಲಾದದ್ದೇ ತಿಳಿಯಬಾರದು. ಈ ಬದಿಯಿಂದ ಇ-1 ಒಳಗೆ ಹೋಗುತ್ತದೆ, ಆ ಬದಿಯಿಂದ ಇ-1 ಹೊರಗೆ ಬರುತ್ತದೆ, ನಡುವೆ ಮಾತ್ರ ಪ್ಯಾಕೆಟ್. ಸರ್ಕಿಟ್ ಎಮ್ಯುಲೇಷನ್ ಎಂದು ಇದಕ್ಕೆ ಹೆಸರು. ಇಂಟರ್ನೆಟ್ಟಿನ ನಿಯಮಗಳನ್ನು ರೂಪಿಸುವ ಐಇಟಿಎಫ್ ಇದಕ್ಕೆ ಮೂರು ವಿಧಾನಗಳನ್ನು ಪ್ರಕಟಿಸಿತು. ಇ-1ರ ಒಳಗೆ ಏನಿದೆ ಎಂದು ನೋಡದೆ ಬಿಟ್‌ಗಳನ್ನು ಹಾಗೇ ಕತ್ತರಿಸಿ ಕಳಿಸುವುದು 2006ರ ಆರ್‌ಎಫ್‌ಸಿ 4553. ಖಾನೆಗಳನ್ನು ಗುರುತಿಸಿ ಬಳಕೆಯಲ್ಲಿರುವುದನ್ನಷ್ಟೇ ಕಳಿಸುವುದು 2007ರ 5086. ಅದೇ ವರ್ಷ ಟಿಡಿಎಂಒಐಪಿ ಹೆಸರಿನಲ್ಲಿ 5087 ಬಂತು. ಮೊದಲನೆಯದೇ ಸರಳ, ಅದೇ ಹೆಚ್ಚು ಕೆಲಸಕ್ಕೆ ಬರುವಂಥದ್ದು.

ಅದರ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಇ-1ರಿಂದ 256 ಬೈಟ್ ತುಂಬಿದೊಡನೆ ಒಂದು ಪ್ಯಾಕೆಟ್ ಹೊರಡುತ್ತದೆ. 256 ಬೈಟ್ ಎಂದರೆ 2048 ಬಿಟ್, ಅಂದರೆ ಸರಿಯಾಗಿ ಒಂದು ಮಿಲಿಸೆಕೆಂಡಿನ ಸರಕು. ಸೆಕೆಂಡಿಗೆ ಸಾವಿರ ಪ್ಯಾಕೆಟ್, ಹಗಲು ರಾತ್ರಿ. ಪ್ರತಿ ಪ್ಯಾಕೆಟ್ಟಿಗೂ ದಾರಿ ತೋರುವ ಎಂಪಿಎಲ್‌ಎಸ್ ಚೀಟಿಗಳು, ಕ್ರಮಸಂಖ್ಯೆ ಹೊತ್ತ ಕಂಟ್ರೋಲ್ ವರ್ಡ್, ಈಥರ್ನೆಟ್ ಹೊದಿಕೆ ಸೇರಿ ಇನ್ನೊಂದು 30 ಬೈಟ್. ಎರಡು ಮೆಗಾಬಿಟ್‌ನ ಸರ್ಕಿಟ್ ಹೀಗೆ ಸುಮಾರು 2.3 ಮೆಗಾಬಿಟ್ ನುಂಗುತ್ತದೆ. ಗಿಗಾಬಿಟ್ ಫೈಬರಿನಲ್ಲಿ ಇದು ಲೆಕ್ಕಕ್ಕೇ ಇಲ್ಲ. ಪ್ಯಾಕೆಟ್ಟಿನಿಂದ ಜಾಗ ಉಳಿಯುತ್ತದೆ ಎಂದು ಮಾರಾಟಗಾರರು ಹೇಳುವುದುಂಟು. ಎಮ್ಯುಲೇಷನ್ ಮಟ್ಟಿಗೆ ಅದು ಸುಳ್ಳು. ಉಳಿಯುವುದು ಜಾಗವಲ್ಲ, ಎರಡು ಜಾಲಗಳನ್ನು ಸಾಕುವ ಖರ್ಚು.

ನಿಜವಾದ ತೊಡಕು ಇರುವುದು ಗಡಿಯಾರದಲ್ಲಿ.

ಸರ್ಕಿಟ್ ಜಾಲದಲ್ಲಿ ಬಿಟ್‌ಗಳ ಜೊತೆಗೆ ಸಮಯವೂ ಹರಿದುಬರುತ್ತದೆ. ಹಳ್ಳಿಯ ಎಕ್ಸ್‌ಚೇಂಜು ತನಗೆ ಬರುವ ಇ-1ರ ಲಯ ನೋಡಿ ತನ್ನ ಗಡಿಯಾರ ತಿದ್ದಿಕೊಳ್ಳುತ್ತದೆ. ಪ್ಯಾಕೆಟ್ ಜಾಲಕ್ಕೆ ಆ ಲಯದ ಗೊಡವೆ ಇಲ್ಲ. ಎರಡು ತುದಿಯ ಗಡಿಯಾರಗಳು ಹತ್ತು ಲಕ್ಷಕ್ಕೆ ಒಂದರಷ್ಟು ಬೇರೆಯಾದರೂ ಸಾಕು, 125 ಸೆಕೆಂಡಿಗೊಮ್ಮೆ 32 ಖಾನೆಗಳ ಒಂದು ಸುತ್ತು, ಅಂದರೆ ಒಂದು ಫ್ರೇಮು, ಹೆಚ್ಚೋ ಕಡಿಮೆಯೋ ಆಗಿ ಜಾರುತ್ತದೆ. ಇ-1ರ ನಿಯಮ ಸಹಿಸುವ ಗರಿಷ್ಠ ವ್ಯತ್ಯಾಸ ಹತ್ತು ಲಕ್ಷಕ್ಕೆ 50. ಅಷ್ಟಾದರೆ ಎರಡೂವರೆ ಸೆಕೆಂಡಿಗೊಂದು ಜಾರಿಕೆ. ರಾಷ್ಟ್ರೀಯ ಮಟ್ಟದ ಮೂಲ ಗಡಿಯಾರಗಳ ತಪ್ಪು ಹತ್ತು ಸಾವಿರ ಕೋಟಿಗೆ ಒಂದನ್ನು ಮೀರಬಾರದೆಂದು ನಿಯಮ. ಅಂಥ ಎರಡರ ನಡುವೆ ಜಾರಿಕೆ ಆಗುವುದು 72 ದಿನಕ್ಕೊಮ್ಮೆ. ಮಾತಿನಲ್ಲಿ ಒಂದು ಜಾರಿಕೆ ಎಂದರೆ ಟಕ್ ಎಂಬ ಸದ್ದು, ಅಷ್ಟೆ. ಫ್ಯಾಕ್ಸ್‌ನಲ್ಲಿ ಅದು ಅಳಿಸಿಹೋದ ಸಾಲು.

ಸಮಯವನ್ನು ಮರಳಿ ಪಡೆಯುವ ಅಗ್ಗದ ಉಪಾಯ ಬಫರಿನ ಮಟ್ಟ ನೋಡುವುದು. ದಬ್ಬೆಯಲ್ಲಿ ಬರುವ ಅಬ್ಬಿ ನೀರು ಒಮ್ಮೆ ಜೋರು, ಒಮ್ಮೆ ಸಣ್ಣ. ತೊಟ್ಟಿ ತುಂಬಿ ಬಂದರೆ ನಲ್ಲಿ ಸ್ವಲ್ಪ ಬಿಚ್ಚುತ್ತೀರಿ, ಇಳಿದರೆ ಸ್ವಲ್ಪ ಕಟ್ಟುತ್ತೀರಿ. ಹೊರಗೆ ಹೋಗುವ ನೀರು ಸಮನಾಗಿರುತ್ತದೆ. ಹಾಗೆಯೇ ಬಂದ ಪ್ಯಾಕೆಟ್ಟುಗಳನ್ನು ಬಫರಿನಲ್ಲಿ ನಿಲ್ಲಿಸಿ, ಮಟ್ಟ ಏರಿದರೆ ಗಡಿಯಾರ ತುಸು ಚುರುಕು, ಇಳಿದರೆ ತುಸು ನಿಧಾನ. ಹಗುರ ಸಂಚಾರದಲ್ಲಿ ಇದು ಸಾಕು. ಜಾಲದಲ್ಲಿ ದಟ್ಟಣೆ ಏರಿಳಿದಾಗ ಮಟ್ಟ ಏರಿದ್ದು ಆಚೆಯ ಗಡಿಯಾರ ಚುರುಕಾದ್ದರಿಂದಲೋ, ಸರತಿ ಕರಗಿ ಪ್ಯಾಕೆಟ್ಟುಗಳು ಒಟ್ಟಿಗೆ ಬಂದದ್ದರಿಂದಲೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಸರತಿಯ ಕತೆಯೂ ಕೇಳುವಂಥದ್ದು. 1500 ಬೈಟಿನ ಒಂದು ದೊಡ್ಡ ಪ್ಯಾಕೆಟ್ ಗಿಗಾಬಿಟ್ ಫೈಬರಿನಲ್ಲಿ ದಾಟಲು 12 ಮೈಕ್ರೊಸೆಕೆಂಡ್ ಸಾಕು. ಗುಡ್ಡದಿಂದ ಗುಡ್ಡಕ್ಕೆ ಹಾರುವ 34 ಮೆಗಾಬಿಟ್‌ನ ಮೈಕ್ರೊವೇವ್ ಕೊಂಡಿಯಲ್ಲಿ 350 ಮೈಕ್ರೊಸೆಕೆಂಡ್ ಬೇಕು. ಬರೀ 2 ಮೆಗಾಬಿಟ್ ಇದ್ದರೆ ಸುಮಾರು 6 ಮಿಲಿಸೆಕೆಂಡ್. ಮಿಲಿಸೆಕೆಂಡಿಗೊಂದರಂತೆ ಬರಬೇಕಾದ ನಮ್ಮ ಪ್ಯಾಕೆಟ್ಟುಗಳು ಅಷ್ಟು ಹೊತ್ತು ಅದರ ಹಿಂದೆ ನಿಲ್ಲಬೇಕು. ಅದಕ್ಕೇ ನಗರದ ಪ್ರಯೋಗಾಲಯದಲ್ಲಿ ಪಾಸಾದ ಪೆಟ್ಟಿಗೆ ಕೊನೆಯ ಕೊಂಡಿ ಕಿರಿದಾದಲ್ಲಿ ಎಡವುತ್ತದೆ.

ಗಟ್ಟಿ ಪರಿಹಾರಗಳಿವೆ. ಈಥರ್ನೆಟ್ಟಿನ ತಂತಿಯಲ್ಲೇ ಲಯ ಹರಿಸುವ ಸಿಂಕ್-ಈ, ಸಮಯದ ಮುದ್ರೆ ಒತ್ತಿದ ಪ್ಯಾಕೆಟ್ ಕಳಿಸುವ ಐಇಇಇ 1588 (ಮೊದಲ ಆವೃತ್ತಿ 2002, ಈಗ ಬಳಕೆಯಲ್ಲಿರುವ ರೂಪಕ್ಕೆ ಅಡಿಪಾಯವಾದದ್ದು 2008ರದು), ಇಲ್ಲವೇ ಟವರಿನ ಮೇಲೊಂದು ಜಿಪಿಎಸ್ ಆಂಟೆನಾ. ಮೂರರಲ್ಲಿ ಒಂದಾದರೂ ಇಲ್ಲದೆ ಗಂಭೀರ ಸರ್ಕಿಟ್ಟನ್ನು ಪ್ಯಾಕೆಟ್ಟಿನ ಮೇಲೆ ಏರಿಸಬಾರದು. ಇದರಲ್ಲಿ ಚೌಕಾಸಿ ಬೇಡ.

ಇಷ್ಟೆಲ್ಲ ಕಷ್ಟಪಟ್ಟು ಉಳಿಸಬೇಕಾದ ಸರ್ಕಿಟ್ ಯಾರ ಬಳಿ ಉಳಿದಿದೆ? 2ಜಿ ಟವರುಗಳು ಒಂದು. ಕೀಪ್ಯಾಡ್ ಮೊಬೈಲಿನ ಅಜ್ಜ ಅಜ್ಜಿಯರಿಗೆ 2ಜಿಯೇ ಗತಿ. ಆ ಟವರುಗಳು ಇ-1ರಿಂದ ಮಾತನ್ನಷ್ಟೇ ಅಲ್ಲ, ತಮ್ಮ ರೇಡಿಯೋ ತರಂಗದ ನಿಖರತೆಯನ್ನೂ ಪಡೆಯುತ್ತವೆ. ತಪ್ಪು ಕೋಟಿಗೆ ಅರ್ಧವನ್ನು ಮೀರುವಂತಿಲ್ಲ. ಹಳೆಯ ಪಿಆರ್‌ಐ ಲೈನಿಗೆ ಕೂಡಿಸಿದ ಆಸ್ಪತ್ರೆ, ಬ್ಯಾಂಕುಗಳ ಒಳ ಎಕ್ಸ್‌ಚೇಂಜು, ಅಂದರೆ ಇಪಿಎಬಿಎಕ್ಸ್, ಎರಡನೆಯದು. ಇವೆರಡನ್ನೂ ಎಮ್ಯುಲೇಟ್ ಮಾಡಿ ಕೆಲವು ವರ್ಷ ನೂಕಬಹುದು, ಆದರೆ ಯಂತ್ರವನ್ನೇ ಬದಲಿಸುವುದು ಮೇಲು.

ಮೂರನೆಯದು ವಿದ್ಯುತ್ ಜಾಲ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮ ಸುತ್ತ ಇರುವುದೇ ಅದು. ಕಾಳಿ ನದಿಗೆ ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ 120 ಮೆಗಾವಾಟಿನ ವಿದ್ಯುದಾಗಾರ, ಕೆಳಗೆ ಕದ್ರಾದಲ್ಲಿ 150 ಮೆಗಾವಾಟ್, ಪಕ್ಕದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ಘಟಕಗಳು. ಇಂಥ ಕಡೆಯಿಂದ ಹೊರಡುವ ಹೈಟೆನ್ಷನ್ ಲೈನುಗಳಿಗೆ ಡಿಫರೆನ್ಷಿಯಲ್ ರಕ್ಷಣೆ ಕೊಡುವುದುಂಟು. ಲೈನಿನ ಎರಡು ತುದಿಯ ರಿಲೇಗಳು ತಂತಮ್ಮ ಕಡೆಯ ಕರೆಂಟಿನ ಅಳತೆಯನ್ನು ಬಿಡದೆ ಪರಸ್ಪರ ಕಳಿಸುತ್ತವೆ. ಒಳಗೆ ಹೋದಷ್ಟೇ ಹೊರಗೆ ಬರದಿದ್ದರೆ ನಡುವೆ ಎಲ್ಲೋ ಮರ ಬಿದ್ದಿದೆ ಎಂದು ತಿಳಿದು ಕ್ಷಣಾರ್ಧದಲ್ಲಿ ಲೈನು ಕಡಿಯುತ್ತವೆ. ಹೋಲಿಕೆ ಸರಿಬರಲು ಎರಡು ಅಳತೆಗಳೂ ಒಂದೇ ಗಳಿಗೆಯವು ಆಗಿರಬೇಕು. ಅದಕ್ಕೆ ರಿಲೇ ಮಾಡುವ ಉಪಾಯ, ಹೋಗಿಬರುವ ಒಟ್ಟು ಸಮಯ ಅಳೆದು ಅರ್ಧ ಮಾಡುವುದು. ಹೋಗುವ ದಾರಿ ಬರುವ ದಾರಿ ಎರಡೂ ಸಮ ಎಂಬ ನಂಬಿಕೆ ಇದರ ಬುಡದಲ್ಲಿದೆ.

ಪ್ಯಾಕೆಟ್ ಜಾಲ ಆ ನಂಬಿಕೆಯನ್ನು ಕೆಡಿಸಬಲ್ಲದು. ಎಲ್ಲೋ ಫೈಬರ್ ತುಂಡಾಗಿ ಒಂದು ದಿಕ್ಕಿನ ಸಂಚಾರ ಮಾತ್ರ ಬೇರೆ ದಾರಿ ಹಿಡಿದು ಒಂದು ಮಿಲಿಸೆಕೆಂಡ್ ತಡವಾಯಿತು ಎಂದುಕೊಳ್ಳಿ. ರಿಲೇಯ ಲೆಕ್ಕ ಅರ್ಧ ಮಿಲಿಸೆಕೆಂಡ್ ತಪ್ಪುತ್ತದೆ. 50 ಹರ್ಟ್ಸ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್. ಅರ್ಧ ಮಿಲಿಸೆಕೆಂಡ್ ಎಂದರೆ 9 ಡಿಗ್ರಿ. ಏನೂ ಆಗದ ಲೈನಿನಲ್ಲಿ ಏನೋ ಆಗಿದೆ ಎಂದು ರಿಲೇಗೆ ಕಾಣತೊಡಗುತ್ತದೆ. ತಪ್ಪು ಇನ್ನಷ್ಟು ಬೆಳೆದರೆ ಸುಮ್ಮನಿದ್ದ ಲೈನು ಟ್ರಿಪ್ ಆಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಎರಡೂ ದಿಕ್ಕು ಒಂದೇ ದಾರಿಯಲ್ಲಿ ಕಟ್ಟಿಹಾಕಿದ, ದಾರಿ ಬದಲಿಸಿದರೆ ಎರಡನ್ನೂ ಒಟ್ಟಿಗೇ ಬದಲಿಸುವ ಜಾಲ ಬೇಕು. ಸಾಧ್ಯವಿದ್ದಲ್ಲಿ ವಿದ್ಯುತ್ ಗೋಪುರಗಳ ನೆತ್ತಿಯ ಒಪಿಜಿಡಬ್ಲ್ಯು ಫೈಬರಿನಲ್ಲಿ ಒಂದು ಎಳೆಯನ್ನು ರಿಲೇಗೇ ಬಿಟ್ಟುಕೊಡುವುದು ಇನ್ನೂ ಒಳ್ಳೆಯದು. ಪ್ಯಾಕೆಟ್ ಬಂತೆಂದು ಇದನ್ನೂ ಅದರ ಮೇಲೆ ಹೇರುವ ಆತುರ ನನಗೆ ಅರ್ಥವಾಗುವುದಿಲ್ಲ.

ಫೈಬರ್ ತುಂಡಾಗುವುದು ಇಲ್ಲಿ ಅಪರೂಪದ ಮಾತೂ ಅಲ್ಲ. ಫೈಬರ್ ಕೇಬಲ್ ಹೆಚ್ಚಾಗಿ ರಸ್ತೆಯ ಬದಿಯಲ್ಲೇ ಹೋಗುತ್ತದೆ. ರಸ್ತೆಯೋ, ದೇವಿಮನೆ ಘಟ್ಟ ಇಳಿದು ಕುಮಟೆಗೆ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ. 2021ರ ಜುಲೈ ಮಳೆಗೆ ಅರಬೈಲ್ ಘಟ್ಟವೂ ಯಲ್ಲಾಪುರ ತಾಲೂಕಿನ ಕಳಚೆಯೂ ಕುಸಿದದ್ದು, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದದ್ದು ಯಾರೂ ಮರೆತಿಲ್ಲ. ಮಳೆ ಬಿಟ್ಟರೆ ರಸ್ತೆ ಅಗಲ ಮಾಡುವ ಜೆಸಿಬಿ. ಎಸ್‌ಡಿಎಚ್ ಉಂಗುರ ತುಂಡಾದರೆ 50 ಮಿಲಿಸೆಕೆಂಡಿನಲ್ಲಿ ಸಂಚಾರ ಇನ್ನೊಂದು ಬದಿಗೆ ತಿರುಗುತ್ತಿತ್ತು. ಎಂಪಿಎಲ್‌ಎಸ್ ಕೂಡ ಅಷ್ಟೇ ಬೇಗ ತಿರುಗಿಸಬಲ್ಲದು. ತಿರುಗಲು ಇನ್ನೊಂದು ಬದಿ ಇರಬೇಕಷ್ಟೆ. ಕಾಗದದಲ್ಲಿ ಎರಡು ದಾರಿ ಬರೆದು ಎರಡನ್ನೂ ಒಂದೇ ಚರಂಡಿಯಲ್ಲಿ ಹೂತರೆ ಅದು ಉಂಗುರವಲ್ಲ. ಸಿದ್ದಾಪುರದಿಂದ ತಾಳಗುಪ್ಪ ಸಾಗರದ ಕಡೆಗೆ, ಶಿರಸಿಯಿಂದ ಹಾವೇರಿಯತ್ತ, ಯಲ್ಲಾಪುರದಿಂದ ಕಿರವತ್ತಿ ಕಲಘಟಗಿ ಮೇಲೆ ಹುಬ್ಬಳ್ಳಿಗೆ: ಘಟ್ಟ ಇಳಿಯದೆಯೇ ಹೊರಹೋಗುವ ದಾರಿಗಳು ಮೂರೂ ತಾಲೂಕಿಗೆ ಇವೆ. ಅವನ್ನು ಕೂಡಿಸಿ ಉಂಗುರ ಕಟ್ಟಲು ಭೂಗೋಳದ ಅಡ್ಡಿಯಿಲ್ಲ.

ಇನ್ನು ಆ ಬ್ಯಾಟರಿಯ ಮಾತು. ಎಫ್‌ಟಿಟಿಎಚ್‌ನ ಗಾಜಿನೆಳೆ ಬೆಳಕನ್ನು ಒಯ್ಯುತ್ತದೆ, ವಿದ್ಯುತ್ತನ್ನಲ್ಲ. ಮನೆಯ ಗೋಡೆಯ ಮೋಡೆಮ್ಮಿಗೆ ಮನೆಯದೇ ಕರೆಂಟು ಬೇಕು. ಆಷಾಢದಲ್ಲಿ ಮೂರು ದಿನ ಕರೆಂಟು ಇಲ್ಲದ ಮನೆಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇನ್ವರ್ಟರು ಒಂದು ರಾತ್ರಿ ಬಂದೀತು. ಟವರಿನ ಬ್ಯಾಟರಿ ಇಳಿದ ಮೇಲೆ ಮೊಬೈಲಿನಲ್ಲೂ ಕಡ್ಡಿ ಇಲ್ಲ. ‘ಫೋನು ಡೆಡ್ ಆಗೋಜು’ ಎಂದು ದೂರು ಕೊಡಲು ಕೂಡ ಗುಡ್ಡ ಹತ್ತಬೇಕು. ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಮಕ್ಕಳು ಬೆಟ್ಟದ ನೆತ್ತಿಯಲ್ಲಿ ಕೊಡೆ ಹಿಡಿದು, ತಾಡಪಾಲು ಕಟ್ಟಿ ಕೂತದ್ದನ್ನು ನೋಡಿದ್ದೇವೆ.

ಇದು ನಮ್ಮೊಬ್ಬರ ಪಾಡಲ್ಲ. ಬ್ರಿಟನ್ನಿನ ಬಿಟಿ ತನ್ನ ಹಳೆಯ ಫೋನ್ ಜಾಲವನ್ನು 2025ರ ಡಿಸೆಂಬರಿಗೆ ಮುಚ್ಚುವುದಾಗಿ ಹೇಳಿ, ಆಮೇಲೆ ಗಡುವನ್ನು 2027ರ ಜನವರಿಗೆ ದೂಡಿತು. ಒಂಟಿಯಾಗಿರುವ ವೃದ್ಧರು ಕೊರಳಲ್ಲಿ ಧರಿಸುವ ತುರ್ತು ಗುಂಡಿಗಳು ಹಳೆಯ ಲೈನನ್ನೇ ನೆಚ್ಚಿಕೊಂಡಿದ್ದದ್ದು ಅದಕ್ಕೆ ಮುಖ್ಯ ಕಾರಣ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಅಪ್ಪ ಅಮ್ಮ ಇಬ್ಬರೇ ತೋಟದ ಮನೆಯಲ್ಲಿರುವ ಶಿರಸಿ ಸೀಮೆಗೆ ಆ ಸುದ್ದಿ ದೂರದ್ದೇನಲ್ಲ.

ಒಟ್ಟಿನಲ್ಲಿ ನನ್ನ ತೀರ್ಪು ಹೀಗಿದೆ. ಮನೆಯ ಮಾತಿಗೆ ಎಮ್ಯುಲೇಷನ್ ಬೇಡ, ನೇರ ಐಪಿಯೇ ಸರಿ. ತಾಮ್ರವನ್ನು ಹಳಹಳಿಸಿ ಉಳಿಸುವುದರಲ್ಲಿ ಅರ್ಥವಿಲ್ಲ. 2ಜಿ ಮತ್ತು ಇಪಿಎಬಿಎಕ್ಸ್‌ಗೆ ಎಮ್ಯುಲೇಷನ್ ಕೆಲವು ವರ್ಷದ ಸೇತುವೆ, ಅದೂ ಸರಿಯಾದ ಗಡಿಯಾರ ಇದ್ದರೆ. ವಿದ್ಯುತ್ ಲೈನಿನ ರಕ್ಷಣೆಗೆ ಅದರದೇ ಫೈಬರ್. ಈ ಮೂರರಲ್ಲೂ ತಂತ್ರಜ್ಞಾನ ಗೆದ್ದಿದೆ. ನಮ್ಮಲ್ಲಿ ಸೋಲುತ್ತಿರುವುದು ಅದರ ಕೆಳಗಿನ ಬ್ಯಾಟರಿ ಮತ್ತು ಎರಡನೆಯ ದಾರಿ. ನಿಮ್ಮೂರಿನ ಹಳೆಯ ಎಕ್ಸ್‌ಚೇಂಜು ಕಳಚಲು ಬಂದಾಗ, ತಾಮ್ರದ ಲೈನು ಬಿಟ್ಟುಕೊಡಿ ಎಂದು ಕೇಳಿದಾಗ, ಬೇಡ ಎನ್ನಬೇಡಿ. ಕರೆಂಟು ಹೋದರೆ ಹೊಸ ಪೆಟ್ಟಿಗೆ ಎಷ್ಟು ತಾಸು ನಿಲ್ಲುತ್ತದೆ, ಘಟ್ಟದ ಕೇಬಲ್ ತುಂಡಾದರೆ ಕರೆ ಯಾವ ಊರಿನ ಮೇಲೆ ಹೋಗುತ್ತದೆ ಎಂಬ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಪಂಚಾಯ್ತಿಯ ಮೂಲಕ ಬರಹದಲ್ಲಿ ಪಡೆದುಕೊಳ್ಳಿ.